ಕಪ್ಪು ಬಾನೆಟ್ – ಕಂತು ಏಳು: ಬಂಪರ್ ಬೋಲ್ಟಿನ ಹಳದಿ ಗೆರೆ

“ನೂರ ಹದಿನೆಂಟು,” ಎಂದಳು ಬಣ್ಣದಕ್ಕ.

“ಅಂದ್ರೆ?”

“ಅಂದ್ರೆ ಇಲ್ಲಿ ಯಾರೂ ಕೈ ಹಾಕಿಲ್ಲ ಮಾವ. ಕಂಪನಿಯಿಂದ ಬಂದ ಬಣ್ಣ ಹಾಗೇ ಇದೆ.”

ಬೆಂಕಿಪೊಟ್ಟಣದಷ್ಟಿದ್ದ ಮೀಟರನ್ನು ನಾಲ್ಕು ಬೆರಳು ಆಚೆ ಸರಿಸಿ ಅವಳು ಕಾರಿನ ಎಡ ಫೆಂಡರಿಗೆ, ಅಂದರೆ ಮುಂಚಕ್ರದ ಮೇಲಿನ ತಗಡಿಗೆ, ಮತ್ತೆ ಒತ್ತಿದಳು. ಅದು ‘ಕೀಂಕ್’ ಎಂದಿತು. ನೂರ ಇಪ್ಪತ್ತೊಂದು. ಇನ್ನೂ ಆಚೆ. ನೂರ ಹದಿನಾರು. ತಗಡಿನ ಮೇಲೆ ಬಣ್ಣ ಎಷ್ಟು ದಪ್ಪವಿದೆ ಎಂದು ಹೇಳುವ ಯಂತ್ರ ಅದು. ಎಲ್ಲಾದರೂ ತಗ್ಗು ಬಿದ್ದು, ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದಿದ್ದರೆ ಈ ಲೆಕ್ಕ ಒಂದೇ ನೆಗೆತಕ್ಕೆ ಐನೂರು ದಾಟುತ್ತಿತ್ತು.

ಮಾವ ವಾಚು ನೋಡಿಕೊಂಡ. ಹನ್ನೊಂದೂವರೆ. ನಾಲ್ಕು ಗಂಟೆಗೆ ಅಳಿಯನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ.

ಮೂರು ದಿನದ ಹಿಂದೆ, ಸಂಜೆ ಆರೂಕಾಲಿಗೆ, ಹೊಲಿಗೆ ಟೀಚರಿಗೆ ಗುದ್ದಿ ನಿಲ್ಲಿಸದೆ ಓಡಿದ ಕಾರು ಇದೇ ಎಂದು ಪೊಲೀಸರ ವಾದ. ಟೀಚರಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಅಳಿಯ ನಿನ್ನೆ ಸಂಜೆಯಿಂದ ಬಾಯಿಗೆ ಬೀಗ ಹಾಕಿಕೊಂಡು ಲಾಕಪ್ಪಿನಲ್ಲಿ ಕೂತಿದ್ದಾನೆ. ಅವನ ತಾಯಿ, ಅಂದರೆ ಮಾವನ ಸ್ವಂತ ಅಕ್ಕ, ಕಾರು ಆವತ್ತು ಮಗನ ಶೆಡ್ಡಿನಿಂದ ಹೊರಗೇ ಹೋಗಿಲ್ಲ ಎಂದು ಆಣೆ ಇಟ್ಟು ಹೇಳಿದ್ದಾಳೆ. ಅಕ್ಕನ ಮಾತೆಂದರೆ ಮಾವನಿಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ.

ಊರಿಗೆ ಅವನು ಪತ್ತೇದಾರ. ವಿಮಾ ಕಂಪನಿಗಳಿಗೆ ಕಳ್ಳ ಅಪಘಾತಗಳನ್ನು ಹಿಡಿದುಕೊಡುವುದು ಅವನ ಹೊಟ್ಟೆಪಾಡು. ಆದರೆ ಅಳಿಯನ ಜೊತೆ ಈ ಶೆಡ್ಡಿಗೆ ಬರುವವರಿಗೆಲ್ಲ ಅವನು ಬರಿಯ ಮಾವ. ನಮಗೂ ಅಷ್ಟೇ ಸಾಕು. ಗಿಡ್ಡ ಮನುಷ್ಯ, ದುಂಡು ಹೊಟ್ಟೆ, ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನ ಹಾಗೆ ಒಂದು ಕಡೆ ನಿಲ್ಲಲಾರದ ಜೀವ. ಇವತ್ತಂತೂ ಅವನು ಕಾರಿನ ಸುತ್ತ ಹದಿನೈದನೇ ಪ್ರದಕ್ಷಿಣೆ ಹಾಕುತ್ತಿದ್ದ.

“ಸ್ವಲ್ಪ ನಿಂತ್ಕೊಳ್ಳಿ ಮಾವ. ನಿಮ್ಮ ನೆರಳು ಬಿದ್ರೆ ನನಗೆ ಕಾಣಲ್ಲ.”

“ನಿಂತ್ರೆ ನನಗೆ ಯೋಚನೆ ನಿಲ್ಲುತ್ತೆ ತಾಯಿ.”

ಕಾರು ನೋಡುವುದಕ್ಕೆ ಪುಟ್ಟದು. ಹನ್ನೆರಡು ವರ್ಷದ ಐದು ಬಾಗಿಲಿನ ಗಾಡಿ, ಸಂಸಾರಸ್ಥರು ತರಕಾರಿ ತರಲು ಇಟ್ಟುಕೊಳ್ಳುವಂಥದ್ದು. ಅದರ ಹೊಟ್ಟೆಯೊಳಗೆ ಅಳಿಯ ಎಂಜಿನ್ನಿಗೆ ಗಾಳಿ ತುರುಕಿ ಕಸುವು ಏರಿಸುವ ದೊಡ್ಡ ಟರ್ಬೊ ಹಾಕಿಸಿದ್ದ. ಗಟ್ಟಿ ಸ್ಪ್ರಿಂಗು, ಅಗಲ ಚಕ್ರ, ಎದೆ ನಡುಗಿಸುವ ಸೈಲೆನ್ಸರು. ಕಿತ್ತಳೆ ಮೈ, ಕಪ್ಪು ಬಾನೆಟ್. ನಾಲ್ಕು ವರ್ಷದ ಅವನ ಭಾನುವಾರಗಳೆಲ್ಲ ಇದರ ಕೆಳಗೇ ಮಲಗಿ ಕಳೆದಿದ್ದವು. “ಇಲಿಗೆ ಹುಲಿಯ ಎದೆ ಹೊಲಿದಿದ್ದೀಯ, ಒಂದು ದಿನ ಬಟ್ಟೆ ಹರಿಯುತ್ತೆ ನೋಡು” ಎಂದು ಮಾವ ಗೇಲಿ ಮಾಡಿದ್ದುಂಟು. ಈಗ ಆ ಗೇಲಿ ನೆನಪಾಗಿ ಅವನಿಗೇ ನಾಚಿಕೆಯಾಯಿತು.

ಇಂಥ ಬಣ್ಣದ ಕಾರು ಊರಿನಲ್ಲಿ ಇನ್ನೊಂದಿಲ್ಲ. ಅಪಘಾತ ನಡೆದ ತಿರುವಿನ ಬೀಗದಂಗಡಿಯವನು ಕಿತ್ತಳೆ ಮೈಯನ್ನೂ ಕಪ್ಪು ಬಾನೆಟ್ಟನ್ನೂ ನೋಡಿದ್ದ, ಸದ್ದನ್ನೂ ಕೇಳಿದ್ದ. ಓಡಿಸುತ್ತಿದ್ದವರು ಅವನಿಗೆ ಕಂಡಿರಲಿಲ್ಲ, ಪಕ್ಕದ ಗಾಜುಗಳಿಗೆ ಕಪ್ಪು ಹಾಳೆ ಅಂಟಿಸಿತ್ತು. ಆದರೆ ಸಿಕ್ಕ ಕಾರಿಗೆ ಒಂದು ಗೀರೂ ಇಲ್ಲ. ರಾತ್ರೋರಾತ್ರಿ ರಿಪೇರಿ ಮಾಡಿಸಿದ್ದಾನೆ ಎಂದರು ಪೊಲೀಸರು. ಮಾಡಿಸಿಲ್ಲ ಎಂದು ತೋರಿಸಿದರೆ ನಾಲ್ಕು ಗಂಟೆಯೊಳಗೆ ಬಿಡುತ್ತೇನೆ ಎಂದು ಇನ್ಸ್‌ಪೆಕ್ಟರು, ಮಾವನ ಹಳೆಯ ಪರಿಚಯದವರು, ಬೆಳಿಗ್ಗೆ ತಾವೇ ಬಂದು ಶೆಡ್ಡಿನ ಸೀಲು ಬಿಚ್ಚಿಕೊಟ್ಟು ಹೋಗಿದ್ದರು.

ಅದಕ್ಕೇ ಬಣ್ಣದಕ್ಕನನ್ನು ಕರೆಸಿದ್ದು. ಶೆಡ್ಡಿನಲ್ಲಿ ಅರ್ಧ ಜಾಗ ಅವಳದು. ಕಾರುಗಳಿಗೆ ಬಣ್ಣ ಬಳಿಯುವುದು, ಮಾಸಿದ್ದನ್ನು ಉಜ್ಜಿ ಹೊಳಪೇರಿಸುವುದು ಅವಳ ಕಸುಬು. ಅವಳು ಪಾಲಿಶ್ ಮಾಡಿದ ಬಾಗಿಲಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದು ಎಂದು ಜನ ಹೇಳುತ್ತಿದ್ದರು. ಅಪಘಾತದ ಮಾರನೇ ಬೆಳಿಗ್ಗೆಯೇ ಪೊಲೀಸರು ಬೀಗ ಜಡಿದದ್ದರಿಂದ ಅವಳೂ ಮೂರು ದಿನದಿಂದ ಒಳಗೆ ಕಾಲಿಟ್ಟಿರಲಿಲ್ಲ.

“ಬಾನೆಟ್ ಇನ್ನೂರ ನಲವತ್ತು. ಅದು ಹೋದ ವರ್ಷ ನಾನೇ ಕಪ್ಪು ಬಳಿದಿದ್ದು. ಬಲ ಫೆಂಡರ್ ನೂರ ಹತ್ತೊಂಬತ್ತು. ಮಾವ, ತಗಡು ಒಂದು ಚೂರೂ ಮುಟ್ಟಿಲ್ಲ!”

ಮಾವನ ಎದೆಯಿಂದ ಕಲ್ಲು ಇಳಿದ ಹಾಗಾಯಿತು. ಫೋನು ತೆಗೆದು ಇನ್ಸ್‌ಪೆಕ್ಟರ ನಂಬರು ಒತ್ತುವುದರಲ್ಲಿದ್ದ.

“ತಡೀರಿ. ಬಂಪರ್ ಒಂದು ನೋಡ್ಬಿಡ್ತೀನಿ. ಅದು ಪ್ಲಾಸ್ಟಿಕ್ಕು, ಮೀಟರ್ ಹಿಡಿಯಲ್ಲ. ಕಣ್ಣಲ್ಲೇ ನೋಡಬೇಕು.”

ಅವಳು ಮಂಡಿಯೂರಿ ಕೂತು ಕೈದೀಪವನ್ನು ಬಂಪರಿನ ಪಕ್ಕಕ್ಕೆ ಓರೆಯಾಗಿ ಹಿಡಿದಳು. ಎಡದಿಂದ ಬಲಕ್ಕೆ ಮೆಲ್ಲಗೆ ಸರಿಸಿದಳು. ಮತ್ತೆ ಬಲದಿಂದ ಎಡಕ್ಕೆ. ಬೆರಳ ತುದಿಯಿಂದ ಸವರಿದಳು. ಆಮೇಲೆ ಏನೂ ಹೇಳದೆ ಎದ್ದುಹೋಗಿ ಗೂಡಿನಿಂದ ಒಂದು ನೋಟ್‌ಬುಕ್ ತಂದಳು.

“ಏನಾಯ್ತು?”

“ಹನ್ನೊಂದು ಇದ್ವು ಮಾವ.”

“ಏನು ಹನ್ನೊಂದು?”

“ಕಲ್ಲೇಟು. ರಸ್ತೇಲಿ ಮುಂದಿನ ಗಾಡಿ ಚಕ್ರದಿಂದ ಸಣ್ಣ ಕಲ್ಲು ಸಿಡಿದು ಬಣ್ಣ ಕಿತ್ತು ಹೋಗುತ್ತಲ್ಲ, ಅದು. ಪಾಲಿಶ್‌ಗೆ ಮುಂಚೆ ನಾನು ಎಲ್ಲಾನೂ ಗುರುತು ಹಾಕ್ಕೊಂಡು, ಒಂದೊಂದಕ್ಕೂ ಸೂಜಿಮೊನೇಲಿ ಬಣ್ಣ ತುಂಬ್ತೀನಿ. ಎಷ್ಟು ತುಂಬಿದ್ರೂ ಓರೆ ಬೆಳಕಲ್ಲಿ ನನಗೆ ಕಾಣುತ್ತೆ.”

ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದ ಕಾರಿನ ಮೂತಿ. ಅದರ ಮೇಲೆ ಸಿಡುಬಿನ ಕಲೆಯ ಹಾಗೆ ಚುಕ್ಕೆಗಳು. ಮಾವ ಎಣಿಸಿದ. ಹನ್ನೊಂದು.

“ಈಗ ಎಷ್ಟಿದೆ?”

“ಒಂದೂ ಇಲ್ಲ.”

ಇಬ್ಬರೂ ಏಕಕಾಲಕ್ಕೆ ಹಿಂದಿನ ಗೋಡೆಯ ಕಡೆ ತಿರುಗಿದರು. ಅಲ್ಲಿ ಎರಡು ಕೊಕ್ಕೆಗಳಲ್ಲಿ ಒಂದು ಹೆಚ್ಚುವರಿ ಬಂಪರ್ ತೂಗುಹಾಕಿರುತ್ತಿತ್ತು. ಕಾರು ಪ್ರದರ್ಶನಕ್ಕೆಂದು ಅಳಿಯ ಎಲ್ಲಿಂದಲೋ ಹುಡುಕಿ ತಂದಿದ್ದ, ಬಣ್ಣದಕ್ಕ ಅದೇ ಕಿತ್ತಳೆ ಕಲಸಿ ಬಳಿದಿದ್ದಳು. ಈಗ ಅದಕ್ಕೆ ಹೊದಿಸಿದ್ದ ಬಟ್ಟೆ ನಾಲ್ಕು ಮಡಿಕೆಯಾಗಿ ಕೆಳಗೆ ಕೂತಿತ್ತು. ಕೊಕ್ಕೆಗಳು ಖಾಲಿ.

ಮಾವ ಫೋನನ್ನು ಜೇಬಿಗೆ ಹಾಕಿದ. ಅಳಿಯನನ್ನು ಬಿಡಿಸಲು ಬಂದವನು ತಾನೇ ಬೇಡಿಗೆ ಇನ್ನೊಂದು ಸುತ್ತು ಬಿಗಿದಿದ್ದ. ಕಾರು ಗುದ್ದಿದ್ದು ನಿಜ. ಅಕ್ಕ ಹೇಳಿದ್ದು ಸುಳ್ಳು, ಇಲ್ಲವೇ ಅಕ್ಕನಿಗೇ ಯಾರೋ ಸುಳ್ಳು ಹೇಳಿದ್ದಾರೆ.

“ಮಾವ,” ಬಣ್ಣದಕ್ಕನ ದನಿ ಸಣ್ಣಗಾಗಿತ್ತು. “ಪೊಲೀಸರಿಗೆ ಇದು ಕಾಣಲ್ಲ. ಅವರಿಗೆ ಬಂಪರ್ ಹೊಳೀತಿದೆ ಅಷ್ಟೇ. ನಾನು ಏನೂ ನೋಡಿಲ್ಲ ಅಂತ ಅಂದ್ಕೊಳ್ಳಿ.”

“ಇಪ್ಪತ್ತು ವರ್ಷದಿಂದ ಹಾಗೆ ಅಂದ್ಕೊಳ್ಳೋರನ್ನ ಹಿಡಿದು ಹಿಡಿದೇ ನಾನು ಅನ್ನ ತಿಂದಿದೀನಿ. ಈಗ ನನ್ನ ಮನೆಗೆ ಬಂತು ಅಂತ ಬೇರೆ ನ್ಯಾಯ ಹೇಳ್ಲಾ?”

ಹಾಗೆಂದವನೇ ಕಾರಿನ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕುಸಿದು ಕೂತ. ಬೆಳಿಗ್ಗೆ ಬಿಚ್ಚಿದ ಸೀಲಿನ ಚೂರು ಇನ್ನೂ ಬಾಗಿಲಿಗೆ ಅಂಟಿತ್ತು. ಕಾರು ಸಿಕ್ಕಾಗಿನಿಂದ ಒಳಗೆ ಕೂತವರಲ್ಲಿ ಅವನೇ ಮೊದಲನೆಯವನು. ಸ್ಟಿಯರಿಂಗಿನ ಮೇಲೆ ಹಣೆ ಇಟ್ಟ. ಅಭ್ಯಾಸಬಲದಿಂದ ಪಾದ ಕ್ಲಚ್ಚನ್ನು ಹುಡುಕಿ ಒತ್ತಿತು. ಬಿಗಿಯಾದ ಕ್ಲಚ್ಚು. ಎರಡು ನಿಮಿಷ ಹಾಗೇ ಇದ್ದು, ಕೂರಲಾರದೆ ಮತ್ತೆ ಎದ್ದ.

“ಈ ಬಂಪರ್ ಹೇಗೆ ಬಿಚ್ಚೋದು ತೋರಿಸು.”

ಬಣ್ಣದಕ್ಕ ಬಾನೆಟ್ ಎತ್ತಿದಳು. ಮೇಲೆ ನಾಲ್ಕು ಬೋಲ್ಟು, ಚಕ್ರಗಳ ಗೂಡಿನ ಒಳಗೆ ಒಂದೊಂದು. ಒಟ್ಟು ಆರು. ಅವಳು ದೀಪ ಹಿಡಿದಳು, ಮಾವ ಬಗ್ಗಿ ನೋಡಿದ. ಪ್ರತಿಯೊಂದು ಬೋಲ್ಟಿನ ತಲೆಯಿಂದ ಪಕ್ಕದ ತಗಡಿನವರೆಗೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಹಳದಿ ಗೆರೆ ಎಳೆದಿತ್ತು.

“ಇದೇನು?”

ಬಣ್ಣದಕ್ಕ ಕಣ್ಣು ಮುಚ್ಚಿಕೊಂಡಳು. “ಅಯ್ಯೋ ದಡ್ಡ,” ಎಂದಳು.

“ಯಾರು?”

“ಬೋಲ್ಟ್ ಇಷ್ಟು ಬಿಗಿ ಇರಬೇಕು ಅಂತ ಲೆಕ್ಕ ಇರುತ್ತೆ ಮಾವ. ಅಳತೆ ರೆಂಚಲ್ಲಿ ಬಿಗಿದು, ಆಯ್ತು ಅಂತ ಗೊತ್ತಾಗೋಕೆ ಒಂದು ಗೆರೆ ಎಳೀತಾರೆ. ಬೋಲ್ಟ್ ಸಡಿಲ ಆದ್ರೆ ಗೆರೆ ಮುರಿಯುತ್ತೆ. ಈ ಶೆಡ್ಡಲ್ಲಿ ಎಲ್ಲರೂ ಹಾಕ್ತಾರೆ. ನಿಮ್ಮ ಅಳಿಯಂದು ಬಿಳಿ ಪೆನ್ನು.”

“ಹಳದಿ?”

ಅವಳು ದೀಪವನ್ನು ಒಳಗಿನ ಟರ್ಬೊ ಕಡೆ ತಿರುಗಿಸಿದಳು. ಮಾವ ಎಂಜಿನ್ನಿನ ಸುತ್ತ ಕಣ್ಣು ಹಾಯಿಸಿದ. ಟರ್ಬೊ ಸುತ್ತಲಿನ ಬೋಲ್ಟುಗಳಿಗೆಲ್ಲ ಅದೇ ಹಳದಿ, ಆದರೆ ಧೂಳು ಕೂತು ಮಂಕಾದದ್ದು. ಬಂಪರಿನದು ಮಾತ್ರ ನಿನ್ನೆ ಮೊನ್ನೆ ಎಳೆದ ಹಾಗೆ ಫಳಫಳ. ಆ ಟರ್ಬೊ ಕೂರಿಸಿದವನು ಯಾರೆಂದು ಮಾವನಿಗೆ ಗೊತ್ತಿತ್ತು. ಆರನೇ ಕ್ಲಾಸಿನಿಂದ ಅಕ್ಕನ ಅಡಿಗೆಮನೆಯಲ್ಲಿ ಅಳಿಯನ ಪಕ್ಕದಲ್ಲೇ ತಟ್ಟೆ ಹಾಕಿಸಿಕೊಂಡು ಬೆಳೆದವನು.

*

ಅಳಿಯನ ಆ ಗೆಳೆಯ ಎಂಜಿನ್ನುಗಳ ವೇಗ ಏರಿಸುವ ಟ್ಯೂನರ್, ಅವನ ವರ್ಕ್‌ಶಾಪು ಎರಡು ಬೀದಿ ಆಚೆ. ಮಾವ ನಡೆಯಲಿಲ್ಲ, ಓಡಿದ. ಓಡುತ್ತ ಓಡುತ್ತಲೇ ಸಿಟ್ಟನ್ನು ಒಟ್ಟುಮಾಡಿಕೊಂಡ. ಸಿಟ್ಟಿಲ್ಲದಿದ್ದರೆ ಅಳು ಬರುವ ಹಾಗಿತ್ತು.

ಟ್ಯೂನರ್ ಆರಡಿ ಮೇಲೆ ಮೂರು ಬೆರಳಿನ ಆಳು. ಗಿಡ್ಡ ಸ್ಟೂಲಿನ ಮೇಲೆ ಕೂತು, ಯಾವುದೋ ಬೆಳ್ಳಿ ಬಣ್ಣದ ಕಾರಿಗೆ ವೈರು ಸಿಕ್ಕಿಸಿ, ತೊಡೆಯ ಮೇಲಿನ ಲ್ಯಾಪ್‌ಟಾಪ್ ನೋಡುತ್ತಿದ್ದ. ಮಂಡಿಗಳು ಕಿವಿಯ ಹತ್ತಿರವಿದ್ದವು. ಮಾವನನ್ನು ಕಂಡವನೇ ಎದ್ದ, ಕೂತ, ಮತ್ತೆ ಎದ್ದ.

“ಬನ್ನಿ ಮಾವ. ಏನಾದ್ರೂ ಗೊತ್ತಾಯ್ತಾ? ಬಿಡ್ತಾರಂತಾ ಅವನನ್ನ?”

“ಕೂತ್ಕೋ. ಒಂದು ವಿದ್ಯೆ ಕಲಿಯೋಣ ಅಂತ ಬಂದೆ. ಬೋಲ್ಟ್ ಬಿಗಿದ ಮೇಲೆ ಗೆರೆ ಹಾಕ್ತೀಯಲ್ಲ, ಎಲ್ಲದಕ್ಕೂ ಹಾಕ್ತೀಯಾ?”

“ಹಾಕಲೇಬೇಕು ಮಾವ. ಒಂದು ಬಿಟ್ರೂ ನನಗೆ ನಿದ್ದೆ ಬರಲ್ಲ.”

“ಬಂಪರ್ ಬೋಲ್ಟಿಗೂ?”

“ಛೆ, ಬಂಪರಿಗೆ ಯಾರು…”

ಮಾತು ಅಲ್ಲೇ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವನ ಕೈ ತಾನಾಗಿಯೇ ಅಂಗಿ ಜೇಬಿಗೆ ಹೋಯಿತು. ಜೇಬಿನಲ್ಲಿ ಹಳದಿ ಪೆನ್ನು ಇತ್ತು.

“ಆರು ಬೋಲ್ಟು. ಆರಕ್ಕೂ ಹಾಕಿದೀಯ ಕಣಪ್ಪ.”

“ಹಾಕಿದೀನಾ?”

ಆ ಪ್ರಶ್ನೆಯಲ್ಲಿ ನಟನೆ ಇರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕದ್ದು ಮುಚ್ಚಿ ಮಾಡಿದ ಕೆಲಸವನ್ನೂ ಅಚ್ಚುಕಟ್ಟಾಗಿ ಮುಗಿಸಿ, ಕೊನೆಗೆ ಕೈ ತನ್ನಷ್ಟಕ್ಕೆ ಸಹಿ ಹಾಕಿ ಬಂದಿತ್ತು. ಸೋಮಾರಿಯಾಗಿದ್ದರೆ ಬಚಾವಾಗುತ್ತಿದ್ದ.

“ಕೈ ಹಾಕ್ಬಿಟ್ಟಿದೆ ಮಾವ,” ಎಂದ ಅವನು ತನ್ನ ಕೈಯನ್ನೇ ನೋಡುತ್ತ.

“ಹಳೇ ಬಂಪರ್ ಎಲ್ಲಿ?”

“ಎಸೆದೆ.”

“ಎಲ್ಲಿ ಎಸೆದೆ?”

“ಊರಾಚೆ.”

ಹೇಳುವಾಗ ಅವನ ಕಣ್ಣು ಒಮ್ಮೆ, ಒಂದೇ ಒಂದು ಸಲ, ಟೈರುಗಳ ಅಟ್ಟದ ಕಡೆ ಹೋಗಿ ಬಂತು. ಮಾವ ಏಣಿ ಎಳೆದು ಹತ್ತಿದ. ಟೈರುಗಳ ಹಿಂದೆ ಉದ್ದನೆಯ ಗಂಟು. ಮೆತ್ತನೆಯ ಟವೆಲ್ಲುಗಳಲ್ಲಿ ಸುತ್ತಿ, ಗೀರು ಬೀಳದ ಹಾಗೆ ಮೂಲೆಗಳಿಗೆ ಫೋಮ್ ಇಟ್ಟು, ಬಾಣಂತಿ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ್ದ.

“ಇದನ್ನ ಪುಡಿ ಮಾಡಿ ಬಿಸಾಕೋದು ಬಿಟ್ಟು ಜೋಗುಳ ಹಾಡಿದೀಯಲ್ಲೋ!”

“ಆಗಲಿಲ್ಲ ಮಾವ. ಒರಿಜಿನಲ್ಲು. ಈ ಮಾಡೆಲ್‌ದು ಈಗ ಬರೋದೇ ಇಲ್ಲ.”

ಮಾವನಿಗೆ ನಗು ಬಂತು. ಏಣಿಯ ಮೇಲೆಯೇ ನಿಂತು ನಕ್ಕ. ಟವೆಲ್ಲು ಬಿಚ್ಚಿದ ಮೇಲೆ ನಗು ಅಲ್ಲೇ ಸತ್ತಿತು. ಬಂಪರಿನ ಎಡ ಮೂಲೆ ಒಡೆದಿತ್ತು. ಒಡೆದ ಜಾಲರಿಯ ಹಲ್ಲಿಗೆ ಬೆರಳುದ್ದದ ಒಂದು ಪಟ್ಟಿ ಸಿಕ್ಕಿಕೊಂಡಿತ್ತು. ಬಿಳಿ ಪಟ್ಟಿ, ಮೇಲೆ ಕಪ್ಪು ಅಂಕಿಗಳು. ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು. ದರ್ಜಿಗಳು ಕುತ್ತಿಗೆಗೆ ಹಾಕಿಕೊಳ್ಳುವ ಅಳತೆ ಟೇಪು.

ಅದನ್ನು ಬಿಡಿಸಿ ಕೈಯಲ್ಲಿ ಹಿಡಿದು ಅವನು ಕೆಳಗಿಳಿದು ಬಂದ.

“ಯಾರು ಓಡಿಸಿದ್ದು?”

“ನಾನೇ.”

ಕೇಳುವ ಮೊದಲೇ ಸಿದ್ಧವಾಗಿದ್ದ ಉತ್ತರ. ಟ್ಯೂನರ್ ಸ್ಟೂಲಿನ ಮೇಲೆ ಕುಸಿದು, ಎರಡೂ ಕೈಗಳಿಂದ ಮಂಡಿಗಳನ್ನು ಅಪ್ಪಿಕೊಂಡಿದ್ದ. ಮಾವ ಆ ಮಂಡಿಗಳನ್ನು ನೋಡಿದ. ಉದ್ದನೆಯ, ಎಲ್ಲಿ ಇಟ್ಟುಕೊಳ್ಳಬೇಕೆಂದು ಗೊತ್ತಿಲ್ಲದ ಕಾಲುಗಳು. ಶೆಡ್ಡಿನಲ್ಲಿ ತಾನು ಕೂತಿದ್ದ ಸೀಟು ಥಟ್ಟನೆ ನೆನಪಾಯಿತು.

“ಸುಳ್ಳು.”

“ಇಲ್ಲ ಮಾವ, ನಾನೇ. ಬರೆದು ಕೊಡ್ತೀನಿ. ಅವನನ್ನ ಬಿಡಿಸಿ.”

“ನೀನು ಆ ಸೀಟಲ್ಲಿ ಕೂತ್ರೆ ಮಂಡಿ ಗದ್ದಕ್ಕೆ ಬಡಿಯುತ್ತೆ ಕಣೋ. ಅಳಿಯ ನಿನಗಿಂತಲೂ ಉದ್ದ, ಅವರಪ್ಪನ ಹಾಗೆ ಕಂಬ. ಆ ಸೀಟು ಮುಂದಕ್ಕೆ ಎಳೆದಿತ್ತು. ನನ್ನ ಕಾಲು ಆರಾಮಾಗಿ ಕ್ಲಚ್ಚಿಗೆ ಎಟುಕ್ತು. ನನ್ನ ಕಾಲು! ಯಾವ ಗಾಡೀಲಿ ಕೂತ್ರೂ ಮೊದಲು ಸೀಟು ಎಳ್ಕೊಳ್ಳೋನು ನಾನು. ಯಾರೋ ಗಿಡ್ಡ ಮನುಷ್ಯ ಓಡಿಸಿದಾನೆ. ಯಾರು? ಬಣ್ಣದಕ್ಕನಾ?”

“ಅವಳು ನಿಮಗಿಂತ ಒಂದು ಗೇಣು ಎತ್ತರ.”

“ಮತ್ತೆ ಯಾರು?”

ಟ್ಯೂನರ್ ತಲೆ ಎತ್ತಿದ. ಕಣ್ಣು ತುಂಬಿತ್ತು.

“ನಿಮ್ಮ ಮನೇಲಿ ನಿಮ್ಮಷ್ಟೇ ಎತ್ತರ ಇರೋರು ಇನ್ಯಾರಿದಾರೆ ಮಾವ?”

ಬೆಳ್ಳಿ ಕಾರಿನ ಫ್ಯಾನು ತನ್ನಷ್ಟಕ್ಕೆ ಸುತ್ತುತ್ತಿತ್ತು. ಮಾವ ಬಾಗಿಲವರೆಗೆ ಹೋದ. ಅಲ್ಲಿಂದ ವಾಪಸ್ಸು ಬಂದ. ಮತ್ತೆ ಬಾಗಿಲಿಗೆ ಹೋದ.

“ನಮ್ಮ ಅಕ್ಕನಿಗೆ ಡ್ರೈವಿಂಗ್ ಬರಲ್ಲ,” ಎಂದ ಬೀದಿಯ ಕಡೆ ಮುಖ ಮಾಡಿ.

“ಎರಡು ತಿಂಗಳಿಂದ ಬರುತ್ತೆ. ಪ್ರತಿ ಭಾನುವಾರ ಬೆಳಿಗ್ಗೆ ಹಳೇ ಮಿಲ್ಲಿನ ಮೈದಾನದಲ್ಲಿ ಅವನು ಕಲಿಸ್ತಿದ್ದ. ನಾನೂ ಹೋಗ್ತಿದ್ದೆ. ಅಮ್ಮ ಚೆನ್ನಾಗಿ ಓಡಿಸ್ತಾರೆ ಮಾವ, ನಿಜವಾಗ್ಲೂ.”

“ನನಗ್ಯಾಕೆ ಹೇಳಲಿಲ್ಲ?”

“ನೀವು ನಗ್ತೀರ ಅಂತ.”

ಮಾವ ಬೀದಿಯಿಂದ ಈ ಕಡೆ ತಿರುಗಿದ.

“ಎಂದೋ ಅಮ್ಮ ನಿಮ್ಮ ಸ್ಕೂಟರ್ ಮುಟ್ಟಿದ್ದಕ್ಕೆ ನೀವು ಬೀದಿಯೋರ ಮುಂದೆ ನಕ್ಕಿದ್ರಂತೆ. ‘ಪೂರ್ತಿ ಕಲಿತು, ಒಂದಿನ ನನ್ನ ತಮ್ಮನ ಆಫೀಸ್ ಕೆಳಗೆ ಹೋಗಿ ಹಾರ್ನ್ ಹೊಡೀತೀನಿ, ಅವನ ಮುಖ ನೋಡಬೇಕು’ ಅಂತಿದ್ರು.”

ದೀಪದ ಬುಡದಲ್ಲೇ ಕತ್ತಲೆ. ಊರಿನವರ ಕಾರಿನ ಒಂದೊಂದು ಗೀರಿಗೂ ಜಾತಕ ಬರೆಯುವ ಮನುಷ್ಯ, ಸ್ವಂತ ಅಕ್ಕ ಎರಡು ತಿಂಗಳಿಂದ ಸ್ಟಿಯರಿಂಗ್ ಹಿಡಿದದ್ದನ್ನು ಕಂಡಿರಲಿಲ್ಲ. ಸ್ಕೂಟರಿನ ವಿಷಯ ಅವನು ಮರೆತೇಬಿಟ್ಟಿದ್ದ. ಅಕ್ಕ ಮರೆತಿರಲಿಲ್ಲ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

“ಆವತ್ತು ಏನಾಯ್ತು? ಎಲ್ಲಾ ಹೇಳು. ಬಿಡದೆ ಹೇಳು.”

“ಆವತ್ತು ಒಬ್ಬರೇ ತಗೊಂಡು ಹೋಗಿದಾರೆ, ಮೊದಲನೇ ಸಲ. ಬೀದಿ ಕೊನೇವರೆಗೆ ಹೋಗಿ ಬರೋಣ ಅಂತ. ಆದ್ರೆ ಅದಕ್ಕೆ ಎರಡು ದಿನ ಮುಂಚೆ ನಾನು ಹೊಸ ಮ್ಯಾಪ್ ಹಾಕಿದ್ದೆ ಮಾವ. ಅಂದ್ರೆ ಎಂಜಿನ್ ಕಂಪ್ಯೂಟರಿಗೆ ಹೊಸ ಲೆಕ್ಕ. ಮೊದಲು ಆಕ್ಸಿಲರೇಟರ್ ಅರ್ಧ ಒತ್ತಿದ್ರೆ ಹೋಗ್ತಿದ್ದಷ್ಟು ಸ್ಪೀಡು ಈಗ ಸುಮ್ನೆ ಕಾಲು ತಾಗಿದ್ರೇ ಬರುತ್ತೆ. ಚಿಮ್ಮುತ್ತೆ. ನಾವಿಬ್ಬರೂ ಓಡಿಸಿ ಕುಣಿದಾಡಿದ್ವಿ. ಅಮ್ಮನಿಗೆ ಹೇಳಬೇಕು ಅಂತ ಇಬ್ಬರಿಗೂ ಹೊಳೀಲಿಲ್ಲ.”

ಅವನು ಲ್ಯಾಪ್‌ಟಾಪ್ ಮುಚ್ಚಿಟ್ಟ. ಮಾವ ಕಾಯಲಿಲ್ಲ.

“ಆಮೇಲೆ?”

“ತಿರುವಲ್ಲಿ ಎದುರು ಬಿಸಿಲು. ಗಾಡಿ ಚಿಮ್ಮಿದೆ, ಏನೋ ಬಡಿದಿದೆ. ರಸ್ತೆ ಬೋರ್ಡಿನ ಕಂಬ ಅಂದ್ಕೊಂಡಿದಾರೆ. ಹೆದರಿ ಸೀದಾ ಶೆಡ್ಡಿಗೆ ತಂದು ನಿಲ್ಲಿಸಿ, ‘ನಿನ್ನ ಕಾರು ಹಾಳು ಮಾಡ್ಬಿಟ್ಟೆ ಕಣೋ’ ಅಂತ ಮಗನ ಮುಂದೆ ಅತ್ತಿದಾರೆ. ಅವನು ಸಮಾಧಾನ ಮಾಡಿ ಮನೆಗೆ ಕಳಿಸಿ, ಬಂಪರ್ ನೋಡಿದಾನೆ. ಟೇಪ್ ಕಂಡಿದೆ. ನನಗೆ ಫೋನ್ ಮಾಡ್ದ. ನಾನು ಬರೋಷ್ಟರಲ್ಲಿ ಟೀಚರ್ ಸುದ್ದಿ ಬೀದಿಗೆಲ್ಲಾ ಗೊತ್ತಾಗಿತ್ತು.”

“ಅಕ್ಕನಿಗೆ ಇನ್ನೂ ಕಂಬ ಅಂತಾನೇ ಗೊತ್ತಾ? ಪೊಲೀಸರು ಬಂದು ಹೇಳಿದ ಮೇಲೂ?”

“ಅವನು ಇನ್ನೊಂದು ಸುಳ್ಳು ಹೇಳಿದ. ‘ನೀನು ಬಂದ ಮೇಲೆ ಏನು ಒಡೆದಿದೆ ನೋಡೋಣ ಅಂತ ನಾನು ಒಂದು ರೌಂಡ್ ಹೋದೆ ಅಮ್ಮ, ಟೀಚರಿಗೆ ತಾಗಿದ್ದು ನನ್ನಿಂದ. ನೀನು ಓಡಿಸಿದ ವಿಷಯ ಬಾಯಿ ಬಿಡಬೇಡ, ಕಾರು ಹೊರಗೇ ಹೋಗಿಲ್ಲ ಅನ್ನು’ ಅಂತ. ಅಮ್ಮ ನಂಬಿದಾರೆ.”

ಮಾವ ಗೋಡೆಗೆ ಒರಗಿದ. ಮೂರು ದಿನದಲ್ಲಿ ಮೊದಲ ಸಲ ಅವನ ಕಾಲು ನಿಂತಿತ್ತು. ತಾಯಿ ಮಾಡಿದ್ದನ್ನು ಮಗ ಹೊತ್ತುಕೊಂಡು ಲಾಕಪ್ಪಿನಲ್ಲಿ ಕೂತಿದ್ದಾನೆ. ಮಗನೇ ಮಾಡಿದ್ದೆಂದು ತಿಳಿದು ತಾಯಿ ಆಣೆ ಇಟ್ಟಿದ್ದಾಳೆ. ನಿಜ ಹೇಳಿದರೆ ಅಳಿಯ ಹೊರಗೆ ಬರುತ್ತಾನೆ, ಅಕ್ಕ ಒಳಗೆ ಹೋಗುತ್ತಾಳೆ. ಹೇಳದಿದ್ದರೆ ನಾಲ್ಕು ಗಂಟೆಗೆ ಇಪ್ಪತ್ತಾರು ವರ್ಷದ ಹುಡುಗನ ಬದುಕು ಮುಗಿಯಿತು. ನುಂಗಲಾರದ, ಉಗುಳಲಾರದ ಬಿಸಿತುಪ್ಪ.

ಅಪ್ಪ ಹೋದ ಮೇಲೆ ತನ್ನನ್ನು ಎತ್ತಿ ಆಡಿಸಿ, ಬೈದು, ಶಾಲೆಗೆ ಕಳಿಸಿದ್ದು ಆ ಅಕ್ಕ. ಅವಳನ್ನು ಕೈಯಾರೆ ಪೊಲೀಸರಿಗೆ ಕೊಡುವುದೆಂದರೆ ಹೇಗೆ?

“ಓಡಿಸಿದವರ ಮುಖ ನೋಡಿದೋರು ಯಾರಾದ್ರೂ ಇದಾರಾ?”

“ಪಕ್ಕದ ಗಾಜು ಕಪ್ಪು. ಎದುರಿಂದ ನೋಡಿರೋರು ಅಂದ್ರೆ…” ಟ್ಯೂನರ್ ಪೂರ್ತಿ ಮಾಡಲಿಲ್ಲ. “ಅವರಿಗೆ ಪ್ರಜ್ಞೆ ಬಂದಿಲ್ಲವಲ್ಲ ಮಾವ.”

ಇದೇ ಮಾವ ಬೆಳಿಗ್ಗೆ ಎದ್ದು, ಆ ಟೀಚರ್ ಒಂದು ಸಲ ಕಣ್ಣು ಬಿಡಲಿ, ಓಡಿಸಿದ್ದು ನನ್ನ ಅಳಿಯ ಅಲ್ಲ ಎಂದು ಹೇಳಲಿ ಎಂದು ಕೈಮುಗಿದಿದ್ದ. ಈಗ ಮನಸ್ಸಿನ ಮೂಲೆಯಲ್ಲೊಂದು ದನಿ, ಬಿಡದಿರಲಿ ಎಂದಿತು. ಛೀ, ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ. ಟ್ಯೂನರ್ ಬೆಚ್ಚಿ ನೋಡಿದ.

ಅಷ್ಟರಲ್ಲಿ ಫೋನು ಅದುರಿತು. ಅಕ್ಕ.

“ಎಲ್ಲಿದೀಯೋ?”

“ಇಲ್ಲೇ ಅಕ್ಕ. ನೀನು ಮನೇಲೇ ಇರು, ನಾನು ಬರ್ತಿದೀನಿ. ನಿನ್ನ ಹತ್ರ ಮಾತಾಡಬೇಕು.”

“ನಾನು ಮನೇಲಿಲ್ಲ. ಬೈಬೇಡ, ಆಸ್ಪತ್ರೇಲಿದೀನಿ. ನಿನ್ನೆಯಿಂದ ಬಂದು ಅವರ ಪಕ್ಕ ಕೂತ್ಕೊಳ್ತಿದೀನಿ. ಅವರಿಗೂ ಯಾರೂ ಇಲ್ಲ ಕಣೋ. ಮಕ್ಕಳು ಮಾಡಿದ್ದಕ್ಕೆ ಹೆತ್ತೋರಾದ್ರೂ…” ಅಕ್ಕ ನಾಲಿಗೆ ಕಚ್ಚಿಕೊಂಡಳು. “ಅದು ಬಿಡು. ಅವರು ಕಣ್ಣು ಬಿಟ್ಟಿದಾರೆ!”

“ಏನು?”

“ಹತ್ತು ನಿಮಿಷ ಆಯ್ತು. ಡಾಕ್ಟರು ಬಂದು ನೋಡಿದ್ರು, ಇನ್ನು ಭಯ ಇಲ್ಲ ಅಂದ್ರು. ಇನ್ಸ್‌ಪೆಕ್ಟರೂ ಬಂದಿದಾರೆ, ಬಾಗಿಲಲ್ಲಿ ಡಾಕ್ಟರ ಹತ್ರ ಮಾತಾಡ್ತಿದಾರೆ. ನನಗೆ ಎಷ್ಟು ಸಂತೋಷ ಆಗಿದೆ ಅಂದ್ರೆ…” ಅಕ್ಕ ಅಳುತ್ತಿದ್ದಳು.

“ಅಕ್ಕ, ಎದ್ದು ಹೊರಗೆ ಬಾ. ಈಗಲೇ.”

“ಹೇಗೆ ಬರ್ಲಿ? ನನ್ನ ಕೈ ಹಿಡ್ಕೊಂಡಿದಾರೆ. ಬಿಡ್ತಾನೇ ಇಲ್ಲ. ನನ್ನ ಮುಖಾನೇ ನೋಡ್ತಿದಾರೆ.”

“ಕೈ ಬಿಡಿಸ್ಕೊಂಡು ಬಾ ಅಕ್ಕ! ಹೇಳಿದಷ್ಟು ಕೇಳು!”

“ಸುಮ್ನಿರೋ, ಏನೋ ಹೇಳ್ತಿದಾರೆ. ಕೇಳಿಸ್ತಿಲ್ಲ.” ಬಟ್ಟೆಯ ಸರಸರ. ಅಕ್ಕ ಬಗ್ಗಿದ್ದಳು. ಟ್ಯೂನರ್ ಎದ್ದು ಬಂದು ಫೋನಿಗೆ ಕಿವಿ ಕೊಟ್ಟು ನಿಂತ. ಆ ತುದಿಯಲ್ಲಿ ಒಂದು ಕ್ಷೀಣ ಗೊಗ್ಗರು ದನಿ, ಮಾತುಗಳು ಬಿಡಿಯಾಗುತ್ತಿರಲಿಲ್ಲ.

“ಏನಂತೆ ಅಕ್ಕ?”

“‘ಅಳಬೇಡಿ’ ಅಂತಿದಾರೆ ಕಣೋ. ‘ನೀವು ಬ್ರೇಕ್ ಹಾಕೋಕೆ ನೋಡಿದ್ರಿ, ನನಗೆ ಕಾಣಿಸ್ತು. ನಿಮ್ಮ ತಪ್ಪಲ್ಲ. ಹಿಂದಿನಿಂದ ಯಾರೋ ನನ್ನನ್ನ ತಳ್ಳಿದ್ರು’ ಅಂತಿದಾರೆ.”

ಮಾವನ ಕೈಯಿಂದ ಅಳತೆ ಟೇಪಿನ ಚೂರು ಕೆಳಗೆ ಬಿತ್ತು. ತಳ್ಳಿದರು. ಹಾಗಾದರೆ ಇದು ಅಪಘಾತವೇ ಅಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮತ್ತೆ ಮಾತಾಡಿದಳು. ಈ ಸಲ ಅವಳ ದನಿಯಲ್ಲಿ ಅಳು ಇರಲಿಲ್ಲ.

“ಇವರು ನನಗ್ಯಾಕೋ ಹೇಳ್ತಿದಾರೆ ‘ನಿಮ್ಮ ತಪ್ಪಲ್ಲ’ ಅಂತ? ನಾನು ಗುದ್ದಿದ್ದು ಕಂಬಕ್ಕಲ್ವಾ?”

ಫೋನಿನಲ್ಲಿ ಬೂಟಿನ ಸದ್ದು ಹತ್ತಿರವಾಯಿತು. ಆಮೇಲೆ ಇನ್ಸ್‌ಪೆಕ್ಟರ ಸಮಾಧಾನದ ದನಿ.

“ಏನಮ್ಮಾ, ಎಚ್ಚರ ಆಯ್ತಲ್ಲ ಅವರಿಗೆ. ಏನಂದ್ರು?”

ಜೀವಮಾನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದ ಅಕ್ಕ, ಉತ್ತರ ಹೇಳಲು ಉಸಿರೆಳೆದುಕೊಂಡದ್ದು ಮಾವನಿಗೆ ಸ್ಪಷ್ಟವಾಗಿ ಕೇಳಿಸಿತು.